ಆಸ್ಪತ್ರೆ ಗೋಡೆಗೆ ಇನ್ನೊಂದು ಬೋರ್ಡು ಬೇಕು

ಮಾನ್ಯ ಸಂಪಾದಕರೇ,

ಈ ಸಲದ ಅಡಿಕೆ ಸುಲಿಯುವ ಹೊತ್ತಿಗೆ ನಮ್ಮನೆ ಚಪ್ಪರದಲ್ಲಿ ಒಂದು ಮೆಟ್ಟುಗತ್ತಿ ಖಾಲಿ ಇತ್ತು. ಹತ್ತು ವರ್ಷದಿಂದ ಅಲ್ಲಿ ಕೂರುತ್ತಿದ್ದವಳು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಲಗಿದ್ದಳು. ಎರಡು ಮಕ್ಕಳ ತಾಯಿ. ನನಗಿಂತ ಸ್ವಲ್ಪ ದೊಡ್ಡವಳು, ಅಕ್ಕ ಅಂತಲೇ ನಾನು ಕರೆಯುವುದು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮುಟ್ಟು ನಿಂತು ಎರಡು ತಿಂಗಳಾದಾಗ, ಮೂರನೆಯದು ಬೇಡವೆಂದು ಆಸ್ಪತ್ರೆಯೊಂದಕ್ಕೆ ಹೋಗಿದ್ದಳು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ‘ಗಂಡನ್ನ ಕರ್ಕಂಡು ಬಾ, ಸಹಿ ಬೇಕು’ ಎಂದು ವಾಪಸ್ ಕಳಿಸಿದರು. ಗಂಡ ಮಂಗಳೂರಿನ ಹೋಟೆಲ್ ಕೆಲಸದಲ್ಲಿದ್ದಾನೆ. ಚೌತಿಗೆ ಬಂದು ಹೋದವನು ದೀಪಾವಳಿಗೂ ಬರಲಿಲ್ಲ. ಎರಡನೇ ಸಲ ಹೋದಾಗ ‘ಮಕ್ಕಳಾಗದ ಹಾಗೆ ಆಪರೇಷನ್‌ಗೂ ಒಪ್ಪಿದ್ರೆ ನೋಡಣ’ ಎಂದರಂತೆ. ಮೂರನೇ ಸಲ ಅವಳು ಹೋಗಲಿಲ್ಲ. ಯಾರೋ ತಂದುಕೊಟ್ಟ ಮಾತ್ರೆ ನುಂಗಿದಳು. ರಕ್ತ ನಿಲ್ಲದಾದಾಗ ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರ ಓಮ್ನಿಯಲ್ಲಿ ಮಲಗಿಸಿಕೊಂಡು ರಿಪ್ಪನ್‌ಪೇಟೆ, ಆಯನೂರು ದಾಟಿ ಮೆಗ್ಗಾನ್ ಮುಟ್ಟಿಸಿದ್ದು ನಾನು ಮತ್ತು ನಮ್ಮ ಅಪ್ಪಯ್ಯ. ಅಲ್ಲಿಯ ಡಾಕ್ಟರು ರಕ್ತ ಕೊಟ್ಟು ಉಳಿಸಿದರು.

ಆಮೇಲೊಂದು ದಿನ ಕೇಳಿದೆ: ‘ಸಹಿ ಯಾಕೆ ಬೇಕು ಅಂತ ನೀನು ಅಲ್ಲೇ ಕೇಳಬಹುದಿತ್ತಲ್ಲ ಅಕ್ಕ?’ ಅವಳೆಂದಳು: ‘ಗೋಡೆ ಮೇಲೇ ಬರ್ದಾರಲೆ, ಅಪರಾಧ ಅಂತ. ನಾ ಎಂತ ಕೇಳ್ಲಿ?’

ಅವಳು ಓದಿದ್ದು, ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದು ಶಿಕ್ಷಾರ್ಹ ಎನ್ನುವ ಬೋರ್ಡು. 1994ರ ಕಾಯ್ದೆಯ ಪ್ರಕಾರ ಸ್ಕ್ಯಾನಿಂಗ್ ಇರುವಲ್ಲೆಲ್ಲ ಅದು ಇರಲೇಬೇಕು, ಇರುವುದು ಒಳ್ಳೆಯದೇ. ಆದರೆ 1971ರ ಗರ್ಭಪಾತ ಕಾಯ್ದೆಯ ಬಗ್ಗೆ ಒಂದು ಸಾಲನ್ನೂ ನಾನು ನಮ್ಮ ಕಡೆಯ ಯಾವ ಗೋಡೆಯ ಮೇಲೂ ನೋಡಿಲ್ಲ. ಎರಡು ಕಾಯ್ದೆ ಸೇರಿ ಜನರ ತಲೆಯಲ್ಲಿ ಒಂದೇ ಆಗಿದೆ: ತೆಗೆಸಿದರೆ ಜೈಲು.

ನಾನೇನು ಹುಟ್ಟಿದಾಗಿನಿಂದ ಇದನ್ನೆಲ್ಲ ತಿಳಿದವಳಲ್ಲ. ನಮ್ಮ ದೇಶದ ಈ ಕಾಯ್ದೆಯನ್ನು ಮೊದಲು ಓದಿದ್ದು ಐರ್ಲೆಂಡಿನ ಗಾಲ್ವೆ ಊರಿನ ಲೈಬ್ರರಿಯಲ್ಲಿ! ಸಾರ್ವಜನಿಕ ಆರೋಗ್ಯ ಓದಲು 2017ರಲ್ಲಿ ಅಲ್ಲಿಗೆ ಹೋಗಿದ್ದೆ. ಕರ್ನಾಟಕದವಳು ಎಂದ ಕೂಡಲೇ ಮನೆ ಬಾಡಿಗೆಗೆ ಕೊಟ್ಟಾಕೆ ‘ಸವಿತಾ ಊರಿನ ಕಡೆಯವಳಾ?’ ಎಂದು ಕೈ ಹಿಡಿದುಕೊಂಡರು. ಬೆಳಗಾವಿಯ ಸವಿತಾ ಹಾಲಪ್ಪನವರ್, ದಂತವೈದ್ಯೆ. ಗರ್ಭಕ್ಕೆ 17 ವಾರವಾಗಿದ್ದಾಗ ಅದು ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ತೆಗೆದುಬಿಡಿ ಎಂದು ಅವರೇ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಆಗದು ಎಂದರು ಆಸ್ಪತ್ರೆಯವರು. ನಂಜು ಏರಿ 2012ರ ಅಕ್ಟೋಬರ್ 28ರಂದು, 31ನೇ ವಯಸ್ಸಿನಲ್ಲಿ ಅದೇ ಗಾಲ್ವೆಯಲ್ಲಿ ತೀರಿಕೊಂಡರು. ಆ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ‘ನಮ್ಮ ದೇಶದಲ್ಲಾಗಿದ್ದರೆ ಬದುಕುತ್ತಿದ್ದಳು’ ಎಂದು ಮಾತಾಡಿಕೊಂಡಿದ್ದು ನೆನಪಿದೆ. ಆ ಜಂಬ ಈಗ ನೆನೆದರೆ ಮುಜುಗರವಾಗುತ್ತದೆ.

ಗರ್ಭದಲ್ಲಿರುವ ಜೀವಕ್ಕೂ ತಾಯಿಗೂ ಸಮಾನ ಜೀವಿಸುವ ಹಕ್ಕು ಎಂದು ಐರ್ಲೆಂಡಿನವರು 1983ರಲ್ಲಿ ಸಂವಿಧಾನಕ್ಕೇ ಸೇರಿಸಿದ್ದರು. ಅದನ್ನು ತೆಗೆಯಬೇಕೇ ಎಂಬ ಜನಮತ 2018ರ ಮೇ 25ಕ್ಕೆ ಇತ್ತು. ನನಗೆ ವೋಟಿಲ್ಲ, ಆದರೆ ಗೆಳತಿಯರ ಜೊತೆ ಮನೆಮನೆಗೆ ಕರಪತ್ರ ಹಂಚಲು ಹೋದೆ. ಎದೆಗೆ ‘ತಾ’ ಎಂಬ ಬ್ಯಾಡ್ಜ್. ಅವರ ಐರಿಷ್ ಭಾಷೆಯಲ್ಲಿ ಅದು ಹೌದು ಎಂದಂತೆ. ನನಗೋ, ಅಮ್ಮ ಒಲೆ ಮುಂದೆ ಕೂತು ‘ಉಪ್ಪು ತಾ’ ಅಂದ ಹಾಗೆ ಕೇಳಿಸುತ್ತಿತ್ತು. ಕೆಲವರು ಬಾಗಿಲು ಹಾಕಿಕೊಂಡರು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮಾತ್ರ ಒಳಗೆ ಕರೆದು ಟೀ ಕೊಟ್ಟು, ಹತ್ತೊಂಬತ್ತನೇ ವಯಸ್ಸಿನಲ್ಲಿ ಗರ್ಭ ತೆಗೆಸಲು ಒಬ್ಬಳೇ ಹಡಗು ಹತ್ತಿ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೋಗಿ ಬಂದದ್ದನ್ನು ಹೇಳಿದರು. ಗಂಡನಿಗೂ ಹೇಳಿರಲಿಲ್ಲವಂತೆ. ಆ ಜನಮತದಲ್ಲಿ ನೂರಕ್ಕೆ 66ಕ್ಕೂ ಹೆಚ್ಚು ಮಂದಿ ಹೌದು ಎಂದರು. ಡಬ್ಲಿನ್‌ನಲ್ಲಿ ಗೋಡೆ ಮೇಲೆ ಬರೆದ ಸವಿತಾ ಚಿತ್ರದ ಸುತ್ತ ಜನ ಚೀಟಿ ಅಂಟಿಸಿ ಕ್ಷಮೆ ಕೇಳಿದ್ದರು.

1971ರ ಮೇನಲ್ಲಿ ಡಬ್ಲಿನ್ನಿನ ಹೆಂಗಸರು ರೈಲು ಹತ್ತಿ ಬ್ರಿಟನ್ ಆಳ್ವಿಕೆಯಲ್ಲಿರುವ ಬೆಲ್‌ಫಾಸ್ಟ್‌ಗೆ ಹೋಗಿ, ತಮ್ಮ ದೇಶದಲ್ಲಿ ಮಾರುವಂತಿರದ ಗರ್ಭನಿರೋಧಕಗಳನ್ನು ಕೊಂಡು, ವಾಪಸ್ ಬಂದ ಸ್ಟೇಷನ್ನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳ ಮುಂದೆಯೇ ಎತ್ತಿ ತೋರಿಸಿದ್ದರಂತೆ. ಗರ್ಭನಿರೋಧಕ ಗುಳಿಗೆಗೆ ಡಾಕ್ಟರ ಚೀಟಿ ಬೇಕೆಂದು ಅಲ್ಲಿ ಕೊಡದಿದ್ದಾಗ ಆಸ್ಪಿರಿನ್ ಕೊಂಡು ಅದನ್ನೇ ಗುಳಿಗೆ ಎಂದು ತೋರಿಸಿದರು! ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮಲ್ಲಿ ಗರ್ಭಪಾತ ಕಾಯ್ದೆ ಬಂತು. ಅದಕ್ಕೂ ಮುಂಚೆ, 1930ರಲ್ಲೇ, ನಮ್ಮ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ಐರ್ಲೆಂಡಿನವರು ರಸ್ತೆಗಿಳಿದು ಪಡೆದುಕೊಂಡರು, ಹಾಗಾಗಿ ಅಲ್ಲಿ ಬಸ್ ಡ್ರೈವರನಿಗೂ ಕಾಯ್ದೆ ಗೊತ್ತು. ನಮಗೆ ಕಾಯ್ದೆ ಬಂದದ್ದೇ ಗೊತ್ತಾಗಲಿಲ್ಲ.

ನಮ್ಮ ಕಾಯ್ದೆ ಹೇಳುವುದಿಷ್ಟು. 18 ತುಂಬಿದವಳಾದರೆ ಅವಳ ಒಪ್ಪಿಗೆ ಸಾಕು, ಗಂಡನದ್ದು ಬೇಡ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟು ನಿಂತ ಬಸಿರೂ ಅದರಲ್ಲಿ ಸೇರುತ್ತದೆ. 2021ರ ತಿದ್ದುಪಡಿಯ ನಂತರ ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರು ಒಪ್ಪಿದರೆ 24 ವಾರದವರೆಗೂ ಅವಕಾಶವಿದೆ. ಅಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದ ಕೂಡದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಆಪರೇಷನ್‌ಗೆ ಒಪ್ಪಬೇಕೆಂಬ ಷರತ್ತು ಎಲ್ಲೂ ಇಲ್ಲ. ಹೆಸರು ಹೊರಗೆ ಬಿಟ್ಟ ಡಾಕ್ಟರಿಗೇ ಒಂದು ವರ್ಷದವರೆಗೆ ಜೈಲು ಆಗಬಹುದು. ಕಾಯ್ದೆಯಲ್ಲಿ ಕೊನೆಯ ಮಾತು ಈಗಲೂ ಡಾಕ್ಟರದ್ದೇ, ಹೆಂಗಸಿನದ್ದಲ್ಲ ಎಂಬ ತಕರಾರು ನನಗಿದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಈಗ ಕೇಳುವುದು ಚಿಕ್ಕದು. ಜಿಲ್ಲಾ ಆರೋಗ್ಯಾಧಿಕಾರಿಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಬೋರ್ಡಿನ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಹೀಗೆ ಬರೆಸಲಿ: ‘ಕಾಯ್ದೆ ಪ್ರಕಾರ ಮಾಡಿಸುವ ಗರ್ಭಪಾತ ಅಪರಾಧವಲ್ಲ. ಗಂಡನ ಸಹಿ ಬೇಕಿಲ್ಲ. ಹೆಸರು ಗುಟ್ಟಾಗಿರುತ್ತದೆ.’ ದುಡ್ಡಿಲ್ಲ ಎಂದರೆ ನಮ್ಮ ತಾಲ್ಲೂಕಿನ ಬೋರ್ಡು ಬರೆಸುವ ಖರ್ಚು ನನ್ನದು.

ನನ್ನ ಹೆಸರು ಹಾಕಬೇಡಿ. ನಾನ್ಯಾರೆಂದು ಗೊತ್ತಾದರೆ, ಅಕ್ಕ ಯಾರೆಂದು ನಮ್ಮೂರಿಗೆ ತಿಳಿಯಲು ಅರ್ಧ ದಿನವೂ ಬೇಡ.

ಇಂತಿ,
ಒಬ್ಬ ಓದುಗಳು
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ