‘ಒಂದು ಕೊಂಡರೆ ಒಂದು ದಾನ’ ಚೀಟಿ ಇನ್ನು ಇರುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಎಳೆಮಕ್ಕಳ ಬಟ್ಟೆಯ ಪ್ಯಾಕೆಟ್ ಮೇಲೆ ‘ಒಂದು ಕೊಂಡರೆ ಒಂದು ದಾನ’ ಅನ್ನುವ ಚೀಟಿ ಇರುವುದಿಲ್ಲ. ಬೆಲೆ ಅಷ್ಟೇ ಇರುತ್ತದೆ. ದಾನವೂ ನಿಲ್ಲುವುದಿಲ್ಲ. ಆದರೆ ಇನ್ನು ಮುಂದೆ ಬಟ್ಟೆಯ ಬದಲು ಹಣ ಹೋಗುತ್ತದೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಪೆದ್ದುತನವನ್ನೂ ಹೇಳಬೇಕು.

ನೀವು ಒಂದು ಸೆಟ್ ಕೊಂಡಾಗಲೆಲ್ಲ ಅಂಥದ್ದೇ ಇನ್ನೊಂದನ್ನು ಹೊಲಿದು, ಹೆರಿಗೆಯಲ್ಲಿ ಗಾಯವಾದ ಹೆಂಗಸರಿಗೆ ಪುಕ್ಕಟೆ ಚಿಕಿತ್ಸೆ ಕೊಡುವ ಆಫ್ರಿಕಾದ ಒಂದು ಆಸ್ಪತ್ರೆಗೆ ಕಳಿಸುತ್ತಿದ್ದೆವು. ಅಂಗಿ, ಟೊಪ್ಪಿಗೆ, ಕಾಲುಚೀಲ, ಸುತ್ತುವ ಬಟ್ಟೆ. ಹೆರಿಗೆಯಾದವರ ಆಸ್ಪತ್ರೆ ತಾನೇ, ಮಗುವಿನ ಬಟ್ಟೆ ಬೇಕೇ ಬೇಕು ಅಂದುಕೊಂಡಿದ್ದೆವು. ಮೂರು ವರ್ಷ ಅಲ್ಲಿಂದ ಧನ್ಯವಾದದ ಕಾಗದವೇ ಬಂತು. ಈ ಸಲ ‘ಯಾವ ಅಳತೆಯದು ಜಾಸ್ತಿ ಕಳಿಸಲಿ?’ ಅಂತ ಕೇಳಿದೆವು. ಅಲ್ಲಿನ ಹಿರಿಯ ನರ್ಸ್ ಒಬ್ಬರು ಸಂಕೋಚ ಪಡುತ್ತಲೇ ಬರೆದರು. ಇಲ್ಲಿಗೆ ಬರುವವರಲ್ಲಿ ಬಹುಪಾಲು ಜನರ ಮಗು ಉಳಿದಿರುವುದಿಲ್ಲ. ನಿಮ್ಮ ಗಂಟನ್ನು ನಾವು ವಾರ್ಡಿನೊಳಗೆ ಬಿಚ್ಚುವುದೇ ಇಲ್ಲ, ಬೇರೆ ಕಡೆ ಕೊಟ್ಟುಬಿಡುತ್ತೇವೆ.

ಮೂರು ವರ್ಷ ನಾವು ಇದನ್ನು ಕೇಳಿರಲೇ ಇಲ್ಲ.

ಆ ಗಾಯದ ಹೆಸರು ಫಿಸ್ಟುಲಾ. ಹೆರಿಗೆಯ ಹೊತ್ತಿಗೆ ಮಗು ದಾರಿಯಲ್ಲಿ ಸಿಕ್ಕಿಕೊಂಡರೆ, ಸಿಸೇರಿಯನ್ ಮಾಡುವ ಆಸ್ಪತ್ರೆ ಹತ್ತಿರ ಇದ್ದವರು ಪಾರಾಗುತ್ತಾರೆ. ಇಲ್ಲದವರು ಎರಡು ದಿನ, ಮೂರು ದಿನ, ಒಮ್ಮೊಮ್ಮೆ ಇನ್ನೂ ಜಾಸ್ತಿ ನೋವು ತಿನ್ನುತ್ತಾರೆ. ಅಷ್ಟು ಹೊತ್ತೂ ಮಗುವಿನ ತಲೆ ಒಳಗಿನ ಮೆತ್ತನೆಯ ಭಾಗವನ್ನು ಸೊಂಟದ ಮೂಳೆಗೆ ಅದುಮಿ ಹಿಡಿದಿರುತ್ತದೆ. ರಕ್ತ ಓಡಾಡದೆ ಅಲ್ಲಿನ ಮಾಂಸ ಸತ್ತು, ಕೆಲವು ದಿನಗಳಲ್ಲಿ ಉದುರಿ, ಮೂತ್ರಚೀಲಕ್ಕೂ ಹೆರಿಗೆ ದಾರಿಗೂ ನಡುವೆ ತೂತಾಗುತ್ತದೆ. ಆಮೇಲೆ ಮೂತ್ರ ಹಗಲೂ ರಾತ್ರಿ ಸೋರುತ್ತಲೇ ಇರುತ್ತದೆ. ಕೆಲವರಿಗೆ ಮಲವೂ. ನರಕ್ಕೆ ಪೆಟ್ಟು ಬಿದ್ದು ಪಾದ ಎಳೆದುಕೊಂಡು ನಡೆಯುವವರೂ ಇದ್ದಾರೆ. ಸೋರುವುದು ಕಡಿಮೆಯಾಗಲಿ ಅಂತ ಎಷ್ಟೋ ಜನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆಗ ಮೂತ್ರ ಖಾರವಾಗಿ ಚರ್ಮ ಇನ್ನಷ್ಟು ಸುಡುತ್ತದೆ. ವಾಸನೆಗೆ ಹೆದರಿ ಮನೆಯವರೂ ದೂರ ಇಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ವರ್ಷಕ್ಕೆ 50,000ದಿಂದ 1,00,000 ಹೆಂಗಸರಿಗೆ ಹೀಗಾಗುತ್ತದೆ.

ಬಹಳಷ್ಟು ಜನರಿಗೆ ಆಪರೇಷನ್ನಿಂದ ತೂತು ಮುಚ್ಚುತ್ತದೆ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಕ್ಯಾಥರಿನ್ ಹ್ಯಾಮ್ಲಿನ್ ಮತ್ತು ಅವರ ಗಂಡ ರೆಜಿನಾಲ್ಡ್ 1974ರಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆ ತೆರೆದರು. ಆ ಡಾಕ್ಟರ್ ದಂಪತಿಯ ಕೈಯಲ್ಲಿ ಚಿಕಿತ್ಸೆ ಪಡೆದ ಮಮಿತು ಗಾಶೆ ಅನ್ನುವವರು ಅವರ ಜೊತೆಯಲ್ಲೇ ಉಳಿದು, ಡಾಕ್ಟರ್ ಓದು ಓದದೆಯೇ ಈ ಆಪರೇಷನ್ ಕಲಿತು, ತಾವೇ ಮಾಡತೊಡಗಿದರು. ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ. ವಾಸಿಯಾಗಿ ಮನೆಗೆ ಹೊರಟವಳಿಗೆ ಹೊಸ ಬಟ್ಟೆ ಉಡಿಸಿ ಕಳಿಸುತ್ತಾರೆ. ಅವಳಿಗೇ ಬಟ್ಟೆ! ಹೊಲಿಗೆ ಮಾಡುವ ನಮಗೆ ಇದು ಹೊಳೆಯಬೇಡವೇ?

ಸರಿ, ದೊಡ್ಡವರ ಬಟ್ಟೆಯನ್ನೇ ಹೊಲಿದು ಕಳಿಸೋಣ ಅಂದರು ನಮ್ಮವರು. ಲೆಕ್ಕ ಹಾಕಿದರೆ ಪಾರ್ಸೆಲ್ ಮತ್ತು ಕಸ್ಟಮ್ಸ್ ಖರ್ಚೇ ಬಟ್ಟೆಗಿಂತ ಜಾಸ್ತಿ. ಅಲ್ಲಿನ ದರ್ಜಿಗಳಿಗೂ ಕೆಲಸ ಬೇಕು, ಅಲ್ವಾ. ಹಾಗಾದರೆ ನಿಮಗೆ ಏನು ಬೇಕು ಅಂತ, ನಾವು ಗಂಟು ಕಳಿಸುತ್ತಿದ್ದ ಆಸ್ಪತ್ರೆಯವರನ್ನೇ, ಈ ಸಲ ಸರಿಯಾಗಿ, ಕೇಳಿದೆವು.

ಬಸ್ ಚಾರ್ಜು ಅಂದರು.

ಆಪರೇಷನ್‌ಗೆ ಅಂದರೆ ದಾನಿಗಳು ಸಿಗುತ್ತಾರಂತೆ. ಅದರ ಹಿಂದೆ ಮುಂದೆ ಇರುವುದಕ್ಕೆ ಸಿಗುವುದಿಲ್ಲ. ದೂರದ ಹಳ್ಳಿಯಿಂದ ಬರುವ ಖರ್ಚು, ಜೊತೆಗೆ ಬಂದವರ ಖರ್ಚು. ಸೊರಗಿ ಬಂದವಳು ಆಪರೇಷನ್ ತಡೆದುಕೊಳ್ಳುವಷ್ಟು ಚೇತರಿಸಿಕೊಳ್ಳುವ ತನಕ ಊಟ. ಆಮೇಲೆ ಮೂತ್ರದ ನಳಿಕೆ ಹಾಕಿರುವ ವಾರ, ಹತ್ತು ದಿನ, ಕಷ್ಟದ ಗಾಯವಾದರೆ ಇನ್ನೂ ಹೆಚ್ಚು. ಆಗ ನಳಿಕೆ ಕಟ್ಟಿಕೊಂಡು ಮೂತ್ರಚೀಲ ತುಂಬಿದರೆ ಹೊಲಿಗೆ ಬಿಟ್ಟುಹೋಗಬಹುದು, ಅದಕ್ಕೇ ರಾತ್ರಿಯೆಲ್ಲ ನರ್ಸ್ ನೋಡುತ್ತಿರಬೇಕು. ಹೊಲಿಗೆ ಬಿಟ್ಟುಕೊಳ್ಳುವ ಕಷ್ಟ ನಮಗೂ ಸ್ವಲ್ಪ ಗೊತ್ತು ಬಿಡಿ, ಆದರೆ ನಾವು ಬಿಚ್ಚಿ ಮತ್ತೆ ಹಾಕುತ್ತೇವೆ. ಅಲ್ಲಿ ಮೊದಲನೇ ಆಪರೇಷನ್ನಿಗೇ ಗುಣವಾಗುವ ಸಾಧ್ಯತೆ ಹೆಚ್ಚು, ಎರಡನೆಯದು ಕಷ್ಟ. ಪಾದ ಎಳೆಯುವವರಿಗೆ ತಿಂಗಳುಗಟ್ಟಲೆ ವ್ಯಾಯಾಮ ಬೇಕು. ತೂತು ಮುಚ್ಚಿದ ಮೇಲೂ ಕೆಲವರಿಗೆ ಸೋರುವುದು ಪೂರ್ತಿ ನಿಲ್ಲುವುದಿಲ್ಲ. ಅಂಥವರು ಮತ್ತೆ ಬರಬೇಕು, ಅದಕ್ಕೂ ಬಸ್ಸೇ.

ಹಾಗಾಗಿ ಒಂದು ಸೆಟ್ಟಿನ ಬಟ್ಟೆ, ದಾರ, ಕೂಲಿ, ಪಾರ್ಸೆಲ್ಲಿಗೆ ಖರ್ಚಾಗುತ್ತಿದ್ದ ಅಷ್ಟೂ ಹಣ ಇನ್ನು ಈ ಖರ್ಚುಗಳಿಗೆ ಹೋಗುತ್ತದೆ. ನಿಮ್ಮಲ್ಲಿ ಕೆಲವರು ‘ಆಪರೇಷನ್‌ಗೆ’ ಅಂತ ಹೇಳಿ ಬೇರೆಯಾಗಿ ಹಣ ಕೊಟ್ಟಿದ್ದೀರಿ. ಅದು ಆಪರೇಷನ್‌ಗೇ ಹೋಗುತ್ತದೆ, ಮುಟ್ಟುವುದಿಲ್ಲ. ಹಳೆ ಚೀಟಿಯ ಪ್ಯಾಕೆಟ್ ಅಂಗಡಿಯಲ್ಲಿ ಕಂಡರೆ ಅದರ ಪಾಲನ್ನೂ ಹಣವಾಗಿಯೇ ಕಳಿಸುತ್ತೇವೆ. ಆ ಹೆಂಗಸರ ಫೋಟೋ ಹಾಕಿ ಅಂತ ಕೆಲವರು ಕೇಳಿದ್ದೀರಿ, ಹಾಕುವುದಿಲ್ಲ. ನಮ್ಮ ಪ್ಯಾಕೆಟ್ ಮಾರುವುದಕ್ಕೆ ಅವರ ಮುಖ ಬೇಡ.

ದಾನಕ್ಕಾಗಿ ಎಳೆಬಟ್ಟೆ ಹೊಲಿಯುವುದನ್ನು ಪೂರ್ತಿ ಬಿಟ್ಟಿಲ್ಲ. ಗುಣವಾದವರಲ್ಲಿ ಕೆಲವರು ಮತ್ತೆ ಬಸುರಿಯಾಗುತ್ತಾರೆ. ಅವರಿಗೆ ಮಾಮೂಲಿ ಹೆರಿಗೆಯಾದರೆ ಗಾಯ ಮತ್ತೆ ಬಿಚ್ಚಿಕೊಳ್ಳಬಹುದು ಅಂತ ಸಿಸೇರಿಯನ್ ಮಾಡಿಸಿಕೊಳ್ಳಲು ಕರೆಯುತ್ತಾರೆ. ಅವರಿಗೆ ಬೇಕಾದಾಗ ಎಷ್ಟು ಬೇಕೋ ಅಷ್ಟು ಕೇಳಿ ಬರೆಯುತ್ತೇನೆ ಅಂದಿದ್ದಾರೆ ಆ ನರ್ಸ್. ಮೊನ್ನೆ ಮೊದಲ ಕಾಗದ ಬಂತು. ನಾಲ್ಕು ಸೆಟ್, ಟೊಪ್ಪಿಗೆ ಸ್ವಲ್ಪ ಸಣ್ಣದಿರಲಿ ಅಂತ.

ಇಂತಿ,
ಹೊಲಿಗೆ ಸಹಕಾರ ಸಂಘದ ಎಲ್ಲರ ಪರವಾಗಿ
ಕಾರ್ಯದರ್ಶಿ