ಗೋಡೆಯಲ್ಲಿ ಕರಗಿದ ಅಕ್ಕ

ಸಂಪಾದಕರೇ,

ಇದ್ದದ್ದನ್ನು ಇದ್ದ ಹಾಗೆ ಬರೆಯಲು ಬಾರದವರೇ ಸುಮ್ನೆ ಬಣ್ಣ ಬಳಿದು ಅಮೂರ್ತ ಕಲೆ ಅನ್ನುತ್ತಾರೆ ಎಂದು ಓದುಗರೊಬ್ಬರು ನಿಮ್ಮ ಪುರವಣಿಯಲ್ಲಿ ಸಿಟ್ಟು ಮಾಡಿಕೊಂಡಿದ್ದರು. ನನಗೂ ಕೆಲವು ಸಲ ಹಾಗೇ ಅನ್ನಿಸಿದ್ದಿದೆ. ಆದರೆ ಅವರು ಒಂದು ಚಿತ್ರ ನೋಡಬೇಕು. ಫ್ರಾನ್ಸಿನ ಎದುವಾರ್ ವುಯಾರ್ 1893ರಲ್ಲಿ ತನ್ನ ಅಮ್ಮ ಮತ್ತು ಅಕ್ಕನನ್ನು ಬರೆದ ಚಿತ್ರ, ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಎತ್ತರ ಒಂದೂವರೆ ಅಡಿ, ಅಗಲ ಎರಡಡಿಗೂ ಕಡಿಮೆ. ನಾನು ನೋಡಿದ್ದು ಮೊಬೈಲಿನಲ್ಲಿ, ಸುಳ್ಳೇಕೆ ಹೇಳಲಿ.

ಅಮ್ಮ ಕಪ್ಪು ಬಟ್ಟೆ ತೊಟ್ಟು, ಮೊಣಕಾಲ ಮೇಲೆ ಕೈಯೂರಿ, ಮನೆ ಯಜಮಾನಿಕೆ ನಂದೇ ಅನ್ನುವ ಹಾಗೆ ಕೂತಿದ್ದಾರೆ. ಅಕ್ಕ ಗೋಡೆಗೆ ಒತ್ತಿಕೊಂಡು, ಚಿತ್ರದ ಚೌಕಟ್ಟು ತಲೆಗೆ ಬಡಿದೀತು ಅನ್ನುವ ಹಾಗೆ ಬಗ್ಗಿ ನಿಂತಿದ್ದಾಳೆ. ಅವಳ ಉಡುಪಿನ ಚೌಕುಳಿಯೂ ಗೋಡೆಗೆ ಅಂಟಿಸಿದ ಕಾಗದದ ಚುಕ್ಕಿಗಳೂ ಒಂದಕ್ಕೊಂದು ಬೆರೆತು, ಬಟ್ಟೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ.

ಬರೆಯಲು ಬರುತ್ತಿರಲಿಲ್ಲ ಅನ್ನುವಂತಿಲ್ಲ. ಮುಂದೆ ಆತ ಉಳ್ಳವರ ಭಾವಚಿತ್ರಗಳನ್ನು ಅವರ ಮನೆಯ ಮೇಜು ಕುರ್ಚಿ ಸಮೇತ ಇದ್ದ ಹಾಗೇ ಬರೆದ. ನನಗೆ ಅವು ಅಷ್ಟಾಗಿ ಹಿಡಿಸಲಿಲ್ಲ, ಆ ಮಾತು ಬೇರೆ.

ಆತನ ಅಮ್ಮ ಮನೆಯಲ್ಲೇ ಕಾರ್ಸೆಟ್ (ಸೊಂಟ ಬಿಗಿಯುವ ಒಳ ಉಡುಪು), ಹೆಂಗಸರ ಉಡುಪು ಹೊಲಿಯುತ್ತಿದ್ದವರು. ಈತ ಮದುವೆಯಾಗಲಿಲ್ಲ, 1928ರಲ್ಲಿ ಅಮ್ಮ ತೀರಿಕೊಳ್ಳುವವರೆಗೂ ಅವರ ಜೊತೆಗೇ ಇದ್ದ. ಅದು ಓದಿದಾಗ ನನಗೆ ಚಿತ್ರ ಅರ್ಥವಾಯಿತು, ಯಾಕೆಂದರೆ ನಮ್ಮಮ್ಮನೂ ಬ್ಲೌಸ್ ಹೊಲಿಯುತ್ತಿದ್ದರು. ಗೌರಿ ಹಬ್ಬ ಹತ್ತಿರ ಬಂದರೆ ಮಂಚ, ಕಿಟಕಿ ಸರಳು, ಟಿವಿ ಮೇಲೆ, ಎಲ್ಲೆಲ್ಲೂ ಬ್ಲೌಸ್ ಪೀಸು, ಲೈನಿಂಗ್ ಬಟ್ಟೆ. ಅಕ್ಕ ಹೂವಿನ ನೈಟಿ ಹಾಕಿಕೊಂಡು ಮೂಲೆಯಲ್ಲಿ ಹುಕ್ಕು ಹಚ್ಚುತ್ತಾ ಕೂರುತ್ತಿದ್ದಳು. ಒಂದು ಸಂಜೆ ಸ್ಕೂಲಿಂದ ಬಂದವನು ಬಟ್ಟೆ ರಾಶಿ ಅಂದುಕೊಂಡು ಅವಳ ಮೇಲೇ ಬ್ಯಾಗು ಎಸೆದಿದ್ದೆ. ಸೂಜಿ ಬೆರಳಿಗೆ ಚುಚ್ಚಿತು ಅಂತ ಎರಡು ದಿನ ಮಾತು ಬಿಟ್ಟಳು. ವುಯಾರ್ ನೋಡಿದ್ದೂ ಇಂಥದ್ದನ್ನೇ ಅಲ್ವಾ? ಹಾಗಾದರೆ ಅದು ಅಮೂರ್ತ ಹೇಗಾಯಿತು?

ಕೊನೆಗೊಂದು ವಿನಂತಿ. ಪುರವಣಿಯಲ್ಲಿ ಚಿತ್ರಗಳನ್ನು ಅಂಚೆಚೀಟಿ ಗಾತ್ರಕ್ಕೆ ಇಳಿಸಿ ಕಪ್ಪು ಬಿಳುಪಿನಲ್ಲಿ ಹಾಕಬೇಡಿ. ಇದನ್ನು ಹಾಗೆ ಅಚ್ಚು ಹಾಕಿದರೆ ಅಮ್ಮ ಒಬ್ಬರೇ ಕಾಣುತ್ತಾರೆ.

– ಒಬ್ಬ ಓದುಗ, ದಾವಣಗೆರೆ