ಆಕ್ಸಿಜನ್ ಸೆನ್ಸರ್ ವಿಷಯದಲ್ಲಿ ನಮ್ಮ ಗ್ಯಾರೇಜಿನ ಹೊಸ ಪದ್ಧತಿ

ನಮ್ಮ ಗ್ಯಾರೇಜಿಗೆ ಕಾರು ತರುವ ಎಲ್ಲರಿಗೂ ನಮಸ್ಕಾರ.

ಇಷ್ಟು ದಿನ ಆಕ್ಸಿಜನ್ ಸೆನ್ಸರ್ (ಸೈಲೆನ್ಸರ್ ಪೈಪಿನ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಪಾರ್ಟ್) ಹೋಯ್ತು ಅಂದ್ರೆ ಕಾರು ಕಂಪನಿಯ ಡಬ್ಬಿಯಲ್ಲಿ ಬರುವ ಪಾರ್ಟನ್ನೇ ತರಿಸಿ ಹಾಕುತ್ತಿದ್ದೆವು. ಈ ತಿಂಗಳಿಂದ ಅದು ಬದಲಾಗುತ್ತದೆ. ವಾರಂಟಿ ಮುಗಿದ ಕಾರುಗಳಿಗೆ, ಸೆನ್ಸರ್ ತಯಾರಿಸುವವರೇ ತಮ್ಮ ಹೆಸರಿನಲ್ಲಿ ಮಾರುವ ಆಫ್ಟರ್‌ಮಾರ್ಕೆಟ್ ಸೆನ್ಸರ್ ಹಾಕುತ್ತೇವೆ. ಕಂಪನಿ ಡಬ್ಬಿಯದ್ದೇ ಬೇಕು ಅನ್ನುವವರು ಮೊದಲೇ ಹೇಳಿ, ಅದನ್ನೇ ತರಿಸಿಕೊಡುತ್ತೇವೆ. ಒತ್ತಾಯ ಇಲ್ಲ.

ಹೊರಗಿನ ಪಾರ್ಟ್ ಅಂದ ಕೂಡಲೇ ಡೂಪ್ಲಿಕೇಟ್ ಅನ್ನುವ ಭಯ ಬರುತ್ತದೆ, ಅದು ಸಹಜ. ಆದರೆ ಕಾರು ಕಂಪನಿಗಳು ಸಾಮಾನ್ಯವಾಗಿ ಈ ಸೆನ್ಸರನ್ನು ತಾವೇ ಮಾಡುವುದಿಲ್ಲ. ಬಾಷ್, ಡೆನ್ಸೊ, ಎನ್‌ಟಿಕೆ ಇಂಥವರು ಮಾಡಿ ಕೊಡುತ್ತಾರೆ. ಅವರೇ ಅಂಗಡಿಗೂ ತಮ್ಮ ಡಬ್ಬಿಯಲ್ಲಿ ಮಾರುತ್ತಾರೆ. ನಿಮ್ಮ ಕಾರಿನಿಂದ ಬಿಚ್ಚಿದ ಹಳೇ ಸೆನ್ಸರಿನ ಮೈಮೇಲೆ ಸಾಮಾನ್ಯವಾಗಿ ತಯಾರಕರ ಹೆಸರು ಕೊರೆದಿರುತ್ತದೆ. ಅದನ್ನು ನಿಮಗೆ ತೋರಿಸಿ, ಆದಷ್ಟೂ ಅದೇ ತಯಾರಕರ, ನಿಮ್ಮ ಮಾಡೆಲ್ಲಿಗೇ ಅಂತ ಇರುವ ಸೆನ್ಸರ್ ಹಾಕುತ್ತೇವೆ. ದುಡ್ಡೂ ಉಳಿಯುತ್ತದೆ, ಪಾರ್ಟಿಗೋಸ್ಕರ ಕಾರು ನಿಲ್ಲಿಸಿಕೊಂಡು ಕಾಯುವುದೂ ತಪ್ಪುತ್ತದೆ.

ಒಂದು ಮಾತ್ರ ಎಷ್ಟೇ ಅಗ್ಗ ಅಂದ್ರೂ ಹಾಕುವುದಿಲ್ಲ. ವೈರ್ ಕಟ್ ಮಾಡಿ ಜೋಡಿಸುವ ಯೂನಿವರ್ಸಲ್ ಸೆನ್ಸರ್. ಅದರಲ್ಲಿ ಕಪ್ಲರ್, ಅಂದ್ರೆ ಕಾರಿನ ವೈರಿಗೆ ಸಿಕ್ಕಿಸುವ ಪ್ಲಗ್, ಇರುವುದಿಲ್ಲ, ಹಳೇ ಸೆನ್ಸರಿನ ಕಪ್ಲರ್ ಕತ್ತರಿಸಿ ನಾಲ್ಕೂ ವೈರಿಗೆ ಜಾಯಿಂಟ್ ಹಾಕಬೇಕು. ಒಣ ಊರಿನಲ್ಲಿ ಹೇಗೋ ನಡೆದೀತು. ನಮ್ಮದು ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ದಿನಾ ಓಡುವ ಕಾರುಗಳು, ಜೂನ್‌ನಿಂದ ಹಿಡಿದು ತಿಂಗಳುಗಟ್ಟಲೆ ಕೆಳಗಿನಿಂದ ಕೆಸರುನೀರು ರಾಚುತ್ತಲೇ ಇರುತ್ತದೆ. ಬೇರೆ ಕಡೆ ಹಾಕಿಸಿದ ಇಂಥದ್ದೊಂದು ಜಾಯಿಂಟನ್ನು ಹೋದ ಮಳೆಗಾಲದಲ್ಲಿ ಬಿಚ್ಚಿದೆವು. ಟೇಪ್ ಸುತ್ತಿದ್ದು ಮೇಲ್ನೋಟಕ್ಕೆ ಚೆನ್ನಾಗೇ ಇತ್ತು, ಬಿಡಿಸಿದರೆ ಒಳಗೆ ತಾಮ್ರದ ಎಳೆಗಳು ಹಸಿರುಗಟ್ಟಿ ಮುಟ್ಟಿದರೆ ಉದುರುತ್ತಿದ್ದವು. ಸೆನ್ಸರ್ ಮಾತ್ರ ಹೊಸದರ ಹಾಗೇ ಇತ್ತು!

ಬೆಸುಗೆ ಹಾಕಿದರೆ ಗಟ್ಟಿ ಆಗುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಆಗುತ್ತದೆ, ಆದರೆ ಅಲ್ಲೂ ಒಂದು ತೊಡಕಿದೆ. ಸೈಲೆನ್ಸರ್ ಪೈಪಿನೊಳಗಿನ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅನ್ನುವುದನ್ನು ಈ ಸೆನ್ಸರ್ ಹೊರಗಿನ ಗಾಳಿಯ ಜೊತೆ ಹೋಲಿಸಿ ಹೇಳುತ್ತದೆ. ಎಷ್ಟೋ ಸೆನ್ಸರುಗಳಿಗೆ ಆ ಹೊರಗಾಳಿ ಹೋಗುವುದೇ ವೈರಿನ ಎಳೆಗಳ ಸಂದಿಯಿಂದ. ಬೆಸುಗೆ ತುಂಬಿದರೆ, ಗ್ರೀಸ್ ಮೆತ್ತಿದರೆ ಆ ದಾರಿ ಮುಚ್ಚುತ್ತದೆ, ಲೆಕ್ಕ ತಪ್ಪುತ್ತದೆ. ಅದಕ್ಕೇ ಕಪ್ಲರ್ ಸಮೇತ ಬರುವ ಸೆನ್ಸರ್ ಮಾತ್ರ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ ತಿಳಿದಿದ್ದರೆ ಒಳ್ಳೆಯದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಅದರ ಆಸುಪಾಸಿನಲ್ಲಿ ಇಡಲು ಇಸಿಯು, ಅಂದ್ರೆ ಎಂಜಿನ್ನಿನ ಕಂಪ್ಯೂಟರ್, ಈ ಸೆನ್ಸರಿನ ಮಾತು ಕೇಳುತ್ತದೆ. ಸಾಮಾನ್ಯ ಸೆನ್ಸರ್ ಪೆಟ್ರೋಲ್ ಜಾಸ್ತಿ ಆದಾಗ 0.9 ವೋಲ್ಟ್ ಹತ್ತಿರ, ಕಮ್ಮಿ ಆದಾಗ 0.1 ವೋಲ್ಟ್ ಹತ್ತಿರ ತೋರಿಸುತ್ತದೆ. ಅದು ಸುಳ್ಳು ಹೇಳಿದರೆ ಮೈಲೇಜ್ ಬೀಳುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ, ಎಮಿಷನ್ ಟೆಸ್ಟಿನಲ್ಲಿ ಫೇಲ್ ಆಗಬಹುದು. ಹಾಗೇ ಓಡಿಸುತ್ತಾ ಹೋದರೆ ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಸುಟ್ಟು ಹಾಕುತ್ತದೆ. ಸೆನ್ಸರಿಗಿಂತ ಅದು ಎಷ್ಟೋ ಪಾಲು ದುಬಾರಿ.

ಹಾಗಂತ ಚೆಕ್ ಎಂಜಿನ್ ಲೈಟ್ ಬಂದ ತಕ್ಷಣ ಸೆನ್ಸರ್ ಬದಲಾಯಿಸಬೇಡಿ. ಮೊದಲು ಸ್ಕ್ಯಾನರ್ ಹಾಕಿ ನೋಡುತ್ತೇವೆ. ಪಿ 0135 ಅಂತ ಕೋಡ್ ಬಂದರೆ ಸೆನ್ಸರಿನೊಳಗಿನ ಹೀಟರ್ ಕಡೆಯ ತೊಂದರೆ, ಕೆಲವೊಮ್ಮೆ ಬರೀ ಫ್ಯೂಸ್ ಹೋಗಿರುತ್ತದೆ. ತೋಟದ ಮನೆಯಲ್ಲಿ ನಿಲ್ಲಿಸಿದ ಕಾರಿಗೆ ಇಲಿ ಕಾಟ ಇದ್ದೇ ಇದೆ, ಕಡಿದಿದ್ದು ಕಾರಿನ ಕಡೆಯ ವೈರ್ ಆದರೆ ಅಷ್ಟನ್ನೇ ಸರಿ ಮಾಡಿದರೆ ಸಾಕು. ಸೆನ್ಸರಿಗಿಂತ ಮುಂಚೆ ಪೈಪಿನಲ್ಲಿ ಸಣ್ಣ ತೂತಿದ್ದರೆ ಅಲ್ಲಿಂದ ಗಾಳಿ ಒಳಗೆ ಸೇರಿ, ಸೆನ್ಸರ್ ಸರಿ ಇದ್ದರೂ ತಪ್ಪು ರೀಡಿಂಗ್ ಬರುತ್ತದೆ. ಪಿ 0420 ಬಂದರೆ ಅನುಮಾನ ಕನ್ವರ್ಟರ್ ಮೇಲೂ ಇರುತ್ತದೆ, ಸುಮ್ನೆ ಸೆನ್ಸರ್ ಹಾಕಿದರೆ ದುಡ್ಡು ದಂಡ. ಬಿಚ್ಚಿದ ಮೇಲೆ ತುದಿಯನ್ನೂ ನೋಡುತ್ತೇವೆ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ. ಬಿಳಿ ಪುಡಿ ಕೂತಿದ್ದರೆ ಯಾರೋ ಎಂಜಿನ್ನಿಗೆ ತಪ್ಪು ಸಿಲಿಕೋನ್ ಗಮ್ ಹಾಕಿರಬಹುದು. ಕಾರಣ ಸರಿ ಮಾಡದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಕೆಲವು ಕಾರುಗಳಲ್ಲಿ, ಅದರಲ್ಲೂ ಹೊಸ ಬಿಎಸ್6 ಗಾಡಿಗಳಲ್ಲಿ, ಕನ್ವರ್ಟರಿಗಿಂತ ಮುಂಚೆ ಇರುವ ಸೆನ್ಸರ್ ವೈಡ್‌ಬ್ಯಾಂಡ್ ಜಾತಿಯದು, ಅಂದ್ರೆ ಪೆಟ್ರೋಲ್ ಜಾಸ್ತಿಯೋ ಕಮ್ಮಿಯೋ ಅನ್ನುವುದಷ್ಟೇ ಅಲ್ಲ, ಎಷ್ಟು ಅನ್ನುವುದನ್ನೂ ಹೇಳುವಂಥದ್ದು. ಅದರ ಜಾಗಕ್ಕೆ ಸಾಮಾನ್ಯ ಸೆನ್ಸರ್ ಕೂರಿಸಿದರೆ ಕೆಲಸ ಮಾಡುವುದಿಲ್ಲ. ಅಂಥ ಕಾರಿಗೆ ಪಾರ್ಟ್ ನಂಬರ್ ಸರಿಯಾಗಿ ಹೊಂದುವ ಆಫ್ಟರ್‌ಮಾರ್ಕೆಟ್ ಸಿಗದಿದ್ದರೆ ಕಂಪನಿಯದ್ದನ್ನೇ ಹಾಕುತ್ತೇವೆ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ದಯವಿಟ್ಟು ಮೊದಲು ಶೋರೂಮಿಗೆ ಹೋಗಿ, ಅಲ್ಲಿ ಪುಕ್ಕಟೆ ಆಗುವ ಸಾಧ್ಯತೆ ಇರುವಾಗ ನಮ್ಮಲ್ಲಿ ಯಾಕೆ ಖರ್ಚು ಮಾಡುತ್ತೀರಿ?

ಹೊಸ ಸೆನ್ಸರಿನ ಡಬ್ಬಿ ನಿಮ್ಮೆದುರೇ ಒಡೆಯುತ್ತೇವೆ, ಹಳೇದನ್ನು ನಿಮ್ಮ ಕೈಗೇ ಕೊಡುತ್ತೇವೆ. ಬಿಲ್ಲಿನಲ್ಲಿ ತಯಾರಕರ ಹೆಸರು, ಪಾರ್ಟ್ ನಂಬರ್, ಕೂಲಿ ಬೇರೆ ಬೇರೆ ಬರೆದಿರುತ್ತದೆ. ತಯಾರಕರ ಗ್ಯಾರಂಟಿಗೆ ಆ ಬಿಲ್ ಬೇಕಾಗುತ್ತದೆ, ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಳ್ಳಿ.

ಫೋನ್ ಮಾಡುವಾಗ ಕಾರಿನ ಮಾಡೆಲ್, ಇಸವಿ, ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಹೇಳಿ, ಸರಿಯಾದ ಪಾರ್ಟ್ ನೋಡಿಡಲು ಅನುಕೂಲ. ಸಾಧ್ಯವಾದರೆ ಬೆಳಿಗ್ಗೆ ಬನ್ನಿ. ಸೈಲೆನ್ಸರ್ ತಣ್ಣಗಾದ ಮೇಲೇ ಕೈ ಹಾಕಬೇಕು, ಘಾಟಿ ಹತ್ತಿ ಬಂದ ಕಾರಿಗೆ ಅದಕ್ಕೇ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಇಂತಿ,
ನಿಮ್ಮ ಗ್ಯಾರೇಜಿನವರು, ಶಿವಮೊಗ್ಗ